ಅಕ್ಕುತಾಯಿಯ ಸುಣ್ಣದ ತಿಳಿ

ಮುಂಬೈಯ ಮೀನು ಪ್ರದರ್ಶನಾಲಯವೊಂದರಲ್ಲಿ ಇಪ್ಪತ್ತೆಂಟು ವರ್ಷ ಗಾಜು ಒರೆಸಿ, ಮೀನಿಗೆ ಮೇವು ಹಾಕಿ ನಿವೃತ್ತನಾದ ರಾಜಾರಾಮ ೧೯೯೧ರಲ್ಲಿ ತನ್ನ ಊರು ಸದಲಗಾಕ್ಕೆ ಮರಳಿದ. ಹೆಂಡತಿ ಅಕ್ಕುತಾಯಿ ಹೋಳಿಗೆ ಮಾಡಿಟ್ಟುಕೊಂಡು ಕಾದಿದ್ದಳು. ಇಷ್ಟು ವರ್ಷ ಹೊಲ ನೋಡಿಕೊಂಡು, ಮಗಳ ಮದುವೆ ಮಾಡಿ, ಗಂಡನನ್ನು ವರ್ಷಕ್ಕೊಮ್ಮೆ ರಜೆಯಲ್ಲಿ ಕಂಡವಳು ಅವಳು. ಟೆಂಪೋದಿಂದ ಮೊದಲು ಇಳಿದದ್ದು ಗಾಜಿನ ಪೆಟ್ಟಿಗೆ. ಆಮೇಲೆ ಸಮುದ್ರದ ನೀರಿನ ಹನ್ನೆರಡು ಕ್ಯಾನು, ನೇರಳೆ ಬಣ್ಣದ ಒಂದು ಕಲ್ಲು, ಎರಡು ಪಟ್ಟೆ ಮೀನು. ಗಂಡ ಕೊನೆಗೆ ಇಳಿದ.

ಪಡಸಾಲೆಯಲ್ಲಿ ಪೆಟ್ಟಿಗೆ ಕೂತಿತು. ಅದರೆದುರು ಕುರ್ಚಿ, ಕುರ್ಚಿಯಲ್ಲಿ ರಾಜಾರಾಮ, ಅಡುಗೆಮನೆಗೆ ಅವನ ಬೆನ್ನು. ಕರೆಂಟು ನೆಂಟರ ಹಾಗೆ ಬಂದು ಹೋಗುತ್ತಿದ್ದ ಊರದು. ಹೋದಾಗಲೆಲ್ಲ ಮೀನಿಗೆ ಉಸಿರು ಕಟ್ಟೀತೆಂದು ಸೈಕಲ್ ಪಂಪಿನಿಂದ ನೀರಿಗೆ ಗಾಳಿ ಹೊಡೆಯುತ್ತಿದ್ದ. ಅಕ್ಕುತಾಯಿಗೆ ಜ್ವರ ಬಂದಾಗ ಒಂದು ಬೀಸಣಿಗೆಯನ್ನೂ ಹಿಡಿಯದ ಕೈ ಅದು.

“ಕಾಕಾ, ದೂಧಗಂಗಾ ಹೊಳಿಯಾಗ ಪುಕ್ಕಟೆ ಮೀನ ಅದಾವು,” ಎಂದ ನೆರೆಮನೆಯ ಲಗಮಣ್ಣ. “ಇವೆರಡನ್ನ ಖಾರ ಹಚ್ಚಿ ಕರದ್ರ ಒಂದ ರೊಟ್ಟಿಗೂ ಸಾಲಂಗಿಲ್ಲ.”

ಅಕ್ಕುತಾಯಿ ನಕ್ಕಳು. ಆದರೆ ಒಳಗೆ ಉರಿಯುತ್ತಿತ್ತು. ಇಪ್ಪತ್ತೆಂಟು ವರ್ಷ ಕಾದು ಅವಳಿಗೆ ಸಿಕ್ಕದ್ದು ಗಂಡನ ಬೆನ್ನು. ಆ ಕುರ್ಚಿ ಒಮ್ಮೆ ಇತ್ತ ತಿರುಗಲಿ ಎಂಬುದಷ್ಟೇ ಅವಳ ಆಸೆ.

ನವರಾತ್ರಿ ಬಂತು. ದೇವಿಯ ಘಟ ಕೂರುವ ಮುಂಚೆ ಕೌದಿಯಿಂದ ಹಿಡಿದು ಕಂದೀಲಿನ ತನಕ ತೊಳೆಯದೆ ಬಿಡುವ ಹೆಂಗಸು ಆ ಸೀಮೆಯಲ್ಲೇ ಇಲ್ಲ. ರಾಜಾರಾಮ ಸಮುದ್ರದ ಹೊಸ ನೀರು ತರಲು ರತ್ನಾಗಿರಿಯ ಟ್ರಕ್ಕು ಹತ್ತಿ ಹೋಗಿದ್ದ. ಹಂಡೆ, ತಂಬಿಗೆ ಎಲ್ಲ ತಿಕ್ಕಿ ಮುಗಿಸಿದ ಅಕ್ಕುತಾಯಿಯ ಕಣ್ಣಿಗೆ ಪೆಟ್ಟಿಗೆಯೊಳಗಿನ ಕಲ್ಲು ಬಿತ್ತು. ಮೈತುಂಬ ಕಿಲುಬು! ತೆಗೆದು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದಳು. ಹುಳಿ ತಾಗಿದೊಡನೆ ಕಲ್ಲು ಬುಸುಬುಸು ನೊರೆ ಕಾರಿತು.

“ಎಷ್ಟ ಹೊಲಸ ಇದ್ದಿ ನೀ,” ಎಂದು ಕಲ್ಲಿಗೆ ಬೈದು, ಬೆಳ್ಳಗೆ ಮಾಡಿ ವಾಪಸು ಇಟ್ಟಳು.

ಮರುದಿನ ರಾಜಾರಾಮ ಬಂದವನೇ ಕೂಗಿಕೊಂಡ. “ಅರೇ ದೇವಾ! ಅದು ಕಿಲುಬಲ್ಲ, ಜೀವಂತ ಪಾಚಿ! ನೀರಾಗಿನ ಸುಣ್ಣ ತಿಂದು ಕಲ್ಲಿನಂಗ ಗಟ್ಟಿ ಆಗತೈತಿ. ಅದು ಇದ್ರ ಹೊಲಸ ಪಾಚಿಗೆ ಜಾಗಾ ಸಿಗಂಗಿಲ್ಲ. ನೀ ಹುಳಿ ಹಾಕಿ ಕೊಂದಿ!”

ಅವನ ಮಾತು ಸುಳ್ಳಾಗಲಿಲ್ಲ. ಹದಿನೈದು ದಿನದಲ್ಲಿ ಬರಿಗಲ್ಲಿಗೆ ಹಸಿರು ಲೋಳೆ ಹತ್ತಿತು. ರಾಜಾರಾಮ ಅಟ್ಟದಿಂದ ಟ್ರಂಕು ಇಳಿಸಿದ. “ಸಂಕ್ರಾಂತಿ ತನಕ ನೋಡತೀನಿ. ಕಲ್ಲಿಗೆ ಆ ನೇರಳೆ ಬಣ್ಣ ಬರಲಿಲ್ಲಂದ್ರ ಮೀನ ತಗೊಂಡು ಮುಂಬೈಗೆ ಹೋಗ್ತೀನಿ. ಹಳೇ ಸಾಹೇಬ್ರು ಕರದಾರ.”

ಪೀಡೆ ತೊಲಗಿತು ಎಂದು ಅಕ್ಕುತಾಯಿ ಅರ್ಧ ದಿನ ಖುಷಿಪಟ್ಟದ್ದು ನಿಜ. ಆಮೇಲೆ ಟ್ರಂಕು ಕಂಡಾಗಲೆಲ್ಲ ಸಂಕ್ರಾಂತಿಗೆ ಉಳಿದ ದಿನ ಎಣಿಸತೊಡಗಿದಳು. ಬೆನ್ನಾದರೂ ಮನೆಯಲ್ಲಿತ್ತಲ್ಲ!

ಕಲ್ಲನ್ನು ಮಗುಚಿ ನೋಡಿದಳು. ಅಡಿಯ ತೂತಿನಲ್ಲಿ, ಅವಳ ಬೆರಳು ಹೋಗದ ಕಡೆ, ಒಂದು ಚೂರು ನೇರಳೆ ಉಳಿದಿತ್ತು. ಸುಣ್ಣ ತಿನ್ನುತ್ತದೆ ಎಂದನಲ್ಲ ಗಂಡ? ತಂಬಾಕಿಗೆ ಹಚ್ಚಿಕೊಳ್ಳುವ ಸುಣ್ಣದ ಡಬ್ಬಿ ಅವಳ ಸೊಂಟದಲ್ಲೇ ಇತ್ತು. ಮಗಳು ಬಸುರಿಯಾದಾಗ ಎಲುಬು ಗಟ್ಟಿಯಾಗಲೆಂದು ಸುಣ್ಣದ ತಿಳಿನೀರು ಕುಡಿಸಿದ್ದಳು. ಕಲ್ಲಿಗೂ ಅದೇ ಆರೈಕೆ ಶುರುವಾಯಿತು. ಗಂಡ ಜಳಕಕ್ಕೆ ಹೋದಾಗ ಹಸಿರು ಲೋಳೆ ಕಿತ್ತು, ದಿನಕ್ಕೊಂದು ಚಮಚ ತಿಳಿ ಹನಿಹನಿಯಾಗಿ ಬಿಡುವಳು.

“ಉಣ್ಣವ್ವಾ ಸವತಿ,” ಎನ್ನುವಳು. “ನೀ ಉಂಡ್ರ ಅಂವ ಉಳೀತಾನ.”

ಸವತಿ ಉಂಡಳು. ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ಕಲ್ಲಿನ ಮೇಲೆ ಕುಂಕುಮದ ಚುಕ್ಕೆಯಷ್ಟು ನೇರಳೆ ಕಾಣಿಸಿತು. ಟ್ರಂಕು ಅಟ್ಟಕ್ಕೆ ಹೋಯಿತು. ಸದಲಗಾದ ಹವೆಯೇ ಹಾಗೆ ಎಂದು ರಾಜಾರಾಮ ಸಾಹೇಬರಿಗೆ ಕಾಗದ ಬರೆದ. ಅಕ್ಕುತಾಯಿ ಮಾತ್ರ ಚಮಚ ನಿಲ್ಲಿಸಲಿಲ್ಲ. ಮುಂದಿನ ದಸರೆಯ ಹೊತ್ತಿಗೆ ನೇರಳೆ ಎದುರಿನ ಗಾಜನ್ನೂ ಹತ್ತಿ ಮೀನೇ ಕಾಣದಾಯಿತು.

“ಇಷ್ಟ ಜೋರ ಮುಂಬೈನಾಗೂ ಬೆಳದಿಲ್ಲ,” ಎಂದ ರಾಜಾರಾಮ. “ನೀ ಏನರ ಹಾಕಿದೇನ?”

ಅವಳು ಸೊಂಟದ ಡಬ್ಬಿ ತೆಗೆದು ತೋರಿಸಿದಳು. ಅವನು ಡಬ್ಬಿ ನೋಡಿದ, ಅವಳನ್ನು ನೋಡಿದ. ಬ್ಲೇಡು ತಂದು ಗಾಜನ್ನು ಅಂಗೈಯಗಲ ಕೆರೆದ, ಇಣುಕಿದ, ಮೀನು ಬದುಕಿದ್ದವು. ಬ್ಲೇಡು ಕೆಳಗಿಟ್ಟ.

“ಉಳಿದದ್ದು ಕೆರಿಯಂಗಿಲ್ಲೇನ್ರಿ?”

“ಇರ್ಲಿ. ನೀ ಬೆಳೆಸಿದ್ದು,” ಎಂದು ಕುರ್ಚಿಯನ್ನು ಅಡುಗೆಮನೆಯ ಕಡೆ ತಿರುಗಿಸಿ ಕೂತ. “ಒಂದ ಕಪ್ ಚಹಾ ಮಾಡತಿ?”

ಅಕ್ಕುತಾಯಿ ಅವನ ರಟ್ಟೆ ಹಿಡಿದು ಎಬ್ಬಿಸಿ, ತಾನು ಕುರ್ಚಿಯಲ್ಲಿ ಕೂತಳು.

“ಚಹಾ ನೀವ ಮಾಡ್ರಿ,” ಎಂದಳು. “ನಾ ಕುಂತು ನೋಡತೀನಿ.”