ಕೊನೆಯ ಬೆಂಚಿನ ಆಸರೆ

"ಬೆಲೆ ಏರಿದಾಗ ಬೇಡಿಕೆ ಕುಗ್ಗುತ್ತದೆ" ಎಂದು ಮಮತಾಜ ವಾಕ್ಯ ಮುಗಿಸುವುದಕ್ಕೂ ಕೊನೆಯ ಬೆಂಚಿನಿಂದ ರಾವಸಾಹೇಬರು ಏಳುವುದಕ್ಕೂ ಸರಿಹೋಯಿತು. ಗಂಟಲು ಸರಿಮಾಡಿಕೊಂಡು ಅದನ್ನೇ ಮರಾಠಿಯಲ್ಲಿ ಹೇಳಿದರು. ಜೊತೆಗೊಂದು ಚೇಷ್ಟೆಯ ಮಾತೂ ಸೇರಿತು. ಹುಡುಗರು ನಕ್ಕರು. ಅವರು ಕೂಡುವ ತನಕ ಮಮತಾಜ ಬರೆಯುವ ಖಡು ಹಿಡಿದುಕೊಂಡು ಹಲಗೆಯ ಪಕ್ಕ ಸುಮ್ಮನೆ ನಿಂತಳು.

ನಿಪ್ಪಾಣಿಯ ಆ ಕಾಲೇಜಿನಲ್ಲಿ, ಎಂಬತ್ತೊಂಬತ್ತನೆಯ ಇಸವಿಯ ಮಾತು ಇದು, ಪಾಠವೆಂದರೆ ಹೀಗೆಯೇ: ಒಂದು ಸಲ ಕನ್ನಡದಲ್ಲಿ, ಇನ್ನೊಂದು ಸಲ ಮರಾಠಿಯಲ್ಲಿ. ಅರ್ಥಶಾಸ್ತ್ರದ ರಾವಸಾಹೇಬರು ತಲೆ ಹಣ್ಣಾಗುವ ತನಕ ಹಾಗೇ ಕಲಿಸಿದವರು. ಜುಲೈನಲ್ಲಿ ಮಮತಾಜ ಅದೇ ವಿಷಯ ಕಲಿಸಲು ಹೊಸದಾಗಿ ಸೇರಿದಾಗ ಪ್ರಾಚಾರ್ಯ ತಾತ್ಯಾಸಾಹೇಬರು, "ಹೊಸಬರದಾರ, ಸ್ವಲ್ಪ ಸಂಭಾಳಿಸ್ರಿ" ಎಂದಿದ್ದರು. ರಾವಸಾಹೇಬರು ಸಂಭಾಳಿಸಿದ್ದೇ ಸಂಭಾಳಿಸಿದ್ದು. ಹೆಸರು ಕೇಳಿದೊಡನೆ ಲೆಕ್ಕ ಹಾಕಿಬಿಟ್ಟರು: ಮನೆಯಲ್ಲಿ ಉರ್ದು, ಓದಿದ್ದು ಕನ್ನಡ, ಮರಾಠಿ ಎಲ್ಲಿಂದ ಬರಬೇಕು? ಮೊದಲ ದಿನದಿಂದಲೇ ಕೊನೆಯ ಬೆಂಚು ಹಿಡಿದರು. ತಮ್ಮ ದೊಡ್ಡ ಮನಸ್ಸಿಗೆ ತಾವೇ ಮೆಚ್ಚಿಕೊಂಡು ಮನೆಗೆ ಹೋಗುತ್ತಿದ್ದರು.

ಅಂದು ಅರ್ಧ ಪಾಠದಲ್ಲಿ ಕಾಲೇಜಿನ ಸಿಪಾಯಿ ಧರೆಪ್ಪ ಬಂದು, ರಾವಸಾಹೇಬರನ್ನು ಪ್ರಾಚಾರ್ಯರು ಕರೆಯುತ್ತಿದ್ದಾರೆ ಎಂದ.

ತಾತ್ಯಾಸಾಹೇಬರು ಚಹಾ ತರಿಸಿದರು. "ಸಂಜಿಕ ಆಡಳಿತ ಮಂಡಳದವರು ಬರಾಕತ್ತಾರ, ರಾವಸಾಹೇಬ್ರ. ಆ ಹೊಸ ಬಾಯಾರ್ನ ದಸರಾ ತನಕ ಇಟ್ಕೊಂಡು ಬಿಟ್ಟಬಿಡೂನ ಅಂತ ಹೇಳಾಂವ ಅದೀನಿ. ನೀವ ಅಂದಿದ್ರಲ್ಲ, ಮರಾಠಿ ಬರೂದಿಲ್ಲ, ನಾ ಇಲ್ಲಂದ್ರ ಕ್ಲಾಸು ನಡಿಯೂದಿಲ್ಲ ಅಂತ."

ಅಂದದ್ದು ಹೌದು. ಮೂರು ಮಂದಿಯ ನಡುವೆ, ಅಡಿಕೆ ಕತ್ತರಿಸುತ್ತ, ತಮ್ಮ ಶ್ರಮ ನಾಲ್ಕು ಜನಕ್ಕೆ ತಿಳಿಯಲೆಂದು ಅಂದದ್ದು. ಹುಡುಗಿಯ ನೌಕರಿಗೇ ಸಂಚಕಾರ ಬರುತ್ತದೆಂದು ಎಣಿಸಿರಲಿಲ್ಲ. ಆದರೂ ಈಗ ಅಲ್ಲವೆನ್ನಲು ಬಾಯಿ ಬರಲಿಲ್ಲ. ಇದ್ದದ್ದನ್ನೇ ಹೇಳಿದ್ದೇನಲ್ಲ ಎಂದುಕೊಂಡು ಚಹಾ ಕುಡಿದು ಎದ್ದರು.

ಹಿಂತಿರುಗುವಾಗ ಪಡಸಾಲೆಯಲ್ಲಿಯೇ ದನಿ ಕೇಳಿಸಿತು. "ಗುಳಾಚಾ ಭಾವ ವಾಢಲಾ ಕೀ ಆಈ ಚಹಾತ ಗೂಳ ಕಮೀ ಟಾಕತೇ." ಬೆಲ್ಲ ತುಟ್ಟಿಯಾದರೆ ಅವ್ವ ಚಹಾಕ್ಕೆ ಬೆಲ್ಲ ಕಡಿಮೆ ಹಾಕುತ್ತಾಳೆ. ಮಮತಾಜಳ ದನಿಯೇ. ತಡವರಿಕೆಯಿಲ್ಲದ, ಸಂತೆಯಲ್ಲಿ ಪಳಗಿದ ಮರಾಠಿ. ಯಾವಳೋ ಹುಡುಗಿ ಎದ್ದು ಪ್ರಶ್ನೆ ಕೇಳಿದಳು; ಇನ್ನೊಬ್ಬ ವಾದಕ್ಕೇ ನಿಂತ. ರಾವಸಾಹೇಬರ ಪಾಠದಲ್ಲಿ ನಗು ಎದ್ದದ್ದುಂಟು, ಪ್ರಶ್ನೆ ಎದ್ದದ್ದಿಲ್ಲ.

ಅವರು ಬಾಗಿಲಿಗೆ ಬಂದರು. ಅವಳು ನೋಡಿದಳು. ಮರುಕ್ಷಣವೇ ಮಾತು ಕನ್ನಡಕ್ಕೆ ಹೊರಳಿತು. ಒಂದೇ ವಾಕ್ಯ ಹೇಳಿ, ನಿಂತು, ಅವರಿಗಾಗಿ ಕಾದಳು. ಇಡೀ ತರಗತಿ ಅವರತ್ತ ಕತ್ತು ತಿರುಗಿಸಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ರಾವಸಾಹೇಬರು ನೆಲ ಬಾಯಿ ಬಿಟ್ಟರೆ ಇಳಿದುಹೋಗುತ್ತಿದ್ದರು.

"ನೀವ ಹೇಳ್ರಿ, ಬಾಯಾರ" ಎಂದು ಹೊರಗೇ ನಿಂತರು.

ಗಂಟೆಯಾದ ಮೇಲೆ ಅವಳು ಹೊರಗೆ ಬಂದಳು. "ಮರಾಠಿ ಬರ್ತೈತಿ ಅಂತ ಒಂದ ಮಾತ ಹೇಳಬೇಕಿಲ್ರಿ?" ಎಂದು ಕೇಳಿದರು. ಕೇಳುವಾಗ ದನಿಯಲ್ಲಿ ಸಿಟ್ಟಿತ್ತು. ನಾಚಿಕೆ ಸಿಟ್ಟಿನ ವೇಷ ಹಾಕಿತ್ತು, ಅಷ್ಟೇ.

"ನಾ ಕೊಗನೊಳ್ಳಿಯಾಕಿ ರೀ ಸರ್. ನಮ್ಮಪ್ಪ ಅಲ್ಲಿ ಸಂತ್ಯಾಗ ಬಳಿ ಮಾರ್ತಾನ" ಎಂದಳು. "ಮೊದಲನೇ ದಿವಸ ನಾ ಬಾಯಿ ತಗಿಯೂದರಾಗ ನೀವ ಎದ್ದ ನಿಂತ್ರಿ. ಹಿರಿಯಾರು, ಮಂದಿ ಮುಂದ ಹೆಂಗ ಕೂಡ್ರಸ್ಲಿ?"

ಕೊಗನೊಳ್ಳಿಯವಳೆಂಬುದು ಅವರಿಗೆ ಮೊದಲೇ ಗೊತ್ತಿತ್ತು. ದಿನಾ ಆ ಊರಿನ ಬಸ್ಸಿಗೇ ಓಡುತ್ತಿದ್ದಳಲ್ಲ. ಗಡಿಯ ಊರಿನವರಿಗೆ ಮರಾಠಿ ಬಾರದೆ ಇದ್ದೀತೆ ಎಂದು ಹೊಳೆಯದೆ ಹೋದದ್ದು ಅವಳ ಹೆಸರಿನ ದೆಸೆಯಿಂದ. ಅದನ್ನು ಅವಳೆದುರು ಹೇಗೆ ಹೇಳುವುದು? ಅವಳು ಏನೂ ತಿಳಿಯದೆ, "ನಾಳೆ ಬರ್ತೀರಿಲ್ರಿ ಸರ್?" ಎಂದು ಮರ್ಯಾದೆಯಿಂದಲೇ ಕೇಳಿ, ಮುಂದಿನ ತರಗತಿಗೆ ಹೋದಳು.

ಪ್ರಾಚಾರ್ಯರ ಕೋಣೆಯ ಹೊರಗೆ ಒಂದು ಮರದ ಬಾಕು. ತಪ್ಪು ಮಾಡಿ ಕರೆಸಿಕೊಂಡ ಹುಡುಗರು ಕೂಡುವುದು ಅದರ ಮೇಲೆ. ರಾವಸಾಹೇಬರು ಬಂದದ್ದು ಕಂಡು ಧರೆಪ್ಪ ವಾಡಿಕೆಯಂತೆ ಪರದೆ ಸರಿಸಿ ಹಿಡಿದ.

"ಹೋಗ್ರಿ ಸರ್, ಸಾಹೇಬ್ರು ಒಬ್ಬರ ಅದಾರ."

"ಬ್ಯಾಡ. ನಾ ಸುಳ್ಳ ಹೇಳಿದ್ದೆ, ಅದನ್ನ ಹೇಳಾಕ ಬಂದೀನಿ ಅಂತ ಹೇಳು" ಎಂದರು ರಾವಸಾಹೇಬರು. "ಕರದ ಮ್ಯಾಲೆ ಬರ್ತೀನಿ."

ಧರೆಪ್ಪನಿಗೆ ಏನೂ ಅರ್ಥವಾಗಲಿಲ್ಲ. ಅವನು ಒಳಗೆ ಹೋದ ಮೇಲೆ ಅವರು ಬಾಕಿನ ತುದಿಗೆ ಕುಳಿತು, ಮೊಣಕಾಲುಗಳ ಮೇಲೆ ಎರಡೂ ಕೈ ಇಟ್ಟುಕೊಂಡರು.