ಅದಲುಬದಲಾದ ಲಕೋಟೆ

ಈ ಸಹಿಯ ಬಾಲ ನೋಡು, ಕೋತಿ ಬಾಲದ ಹಾಗೆ ಸುತ್ತಿಕೊಂಡು ಮೇಲೆ ಹೋಗಿದೆ, ಆದರೆ ದಾಖಲೆಯಲ್ಲಿರುವುದೂ ಅದೇ ಬಾಲ, ಸರಿ, ಒಪ್ಪಿಗೆ, ಮುಂದಿನದು — ಕಾರ್ಲಿಸ್ ಕಣ್ಣುಜ್ಜಿಕೊಂಡಳು, ಮೂರು ವಾರದಿಂದ ಕೌಂಟಿಯ ಚುನಾವಣಾ ಕಚೇರಿಯಲ್ಲಿ ಇದೇ ಕೆಲಸ, ಅಂಚೆಯಲ್ಲಿ ಬಂದ ಮತದ ಲಕೋಟೆಯ ಸಹಿ ಎಡಕ್ಕೆ, ಹಳೆಯ ಸಹಿ ಬಲಕ್ಕೆ, ಒಬ್ಬರದೇ ಕೈ ಹೌದೋ ಅಲ್ಲವೋ, ಇವತ್ತು ಕೊನೆಯ ದಿನ, ಬೇರೆ ಜೋಡಿಗಳು ನೋಡಿದ ಮೊದಲ ಸುತ್ತಿನಲ್ಲಿ ಹೊಂದದೆ ಉಳಿದವಷ್ಟೇ ಬಾಕಿ, ಪಕ್ಕದಲ್ಲಿ ಡ್ವೇನ್, ಅವನು ಆ ಪಕ್ಷ ಇವಳು ಈ ಪಕ್ಷ, ಜೋಡಿಯಾಗಿಯೇ ನೋಡಬೇಕೆಂಬ ನಿಯಮ, ರಾಜಕೀಯವೊಂದು ಬಿಟ್ಟು ಮಿಕ್ಕೆಲ್ಲ ಹರಟಿದ್ದಾಯಿತು, ಅವನ ಹೆಂಡತಿ ಕಟ್ಟಿಕೊಡುವ ಕುಂಬಳಕಾಯಿ ಬ್ರೆಡ್ಡಿನಲ್ಲಿ ದಿನಾ ಅರ್ಧ ಇವಳಿಗೇ. ಮುಂದಿನದು, ಲಕೋಟೆ ಹಾರ್ಲನ್ ವೂಸ್ಟರ್‌ದು, ಆದರೆ ಸಹಿ ಗಂಡಸಿನ ಹೆಸರೇ ಅಲ್ಲವಲ್ಲ, ದುಂಡನೆಯ ಅಕ್ಷರ, ಇದನ್ನು ಎಲ್ಲೋ — ಎಲ್ಲೋ ಏನು, ಶಾಲೆಯ ರಜೆ ಚೀಟಿಯಲ್ಲಿ, ಹೋದ ತಿಂಗಳ ಹುಟ್ಟುಹಬ್ಬದ ಕಾರ್ಡಿನಲ್ಲಿ, ಥೆಡಾ ಪ್ರೂಯೆಟ್, ಅಮ್ಮ! ಅಮ್ಮನ ಸಹಿಗೆ ಯಾವನೋ ಹಾರ್ಲನ್ನನ ಲಕೋಟೆಯ ಮೇಲೆ ಏನು ಕೆಲಸ?

ಡ್ವೇನ್, ನಾನಿದನ್ನ ಮುಟ್ಟೋ ಹಾಗಿಲ್ಲ, ನಮ್ಮಮ್ಮಂದು ಇದು, ಎಂದು ಕುರ್ಚಿ ಹಿಂದಕ್ಕೆ ತಳ್ಳಿದಳು, ಅವನು ಕಟ್ಟಿನಲ್ಲಿ ಹುಡುಕಿ ಅಮ್ಮನ ಲಕೋಟೆ ತೆಗೆದ, ಅದರ ಮೇಲೆ ಮುರಿದು ವಾಲಿದ ಬೇಲಿಯಂಥ ಸಹಿ, ಹಾರ್ಲನ್ ವೂಸ್ಟರ್, ಒಂದೇ ಮೇಜಲ್ಲಿ ಕೂತು ಇವರ ಲಕೋಟೆಗೆ ಅವರು ಅವರ ಲಕೋಟೆಗೆ ಇವರು ಸಹಿ ಹಾಕ್ಬಿಟ್ಟಿದಾರೆ ಕಣೇ, ಗಂಡ ಹೆಂಡ್ತಿ ಯಾವಾಗ್ಲೂ ಮಾಡೋ ತಪ್ಪು, ಎಂದವನು ನಾಲಿಗೆ ಕಚ್ಚಿಕೊಂಡ. ಒಂದೇ ಮೇಜು. ಅಪ್ಪ ಹೋಗಿ ಆರು ವರ್ಷ, ಮತ್ತೆ ಅಮ್ಮನ ಆ ಮಂಗಳವಾರದ ಹೊಲಿಗೆ ಗುಂಪು, ಒಂದೂವರೆ ವರ್ಷದಿಂದ ಹೋಗುತ್ತಾಳೆ, ಒಂದು ದಿಂಬಿನ ಚೀಲವೂ ಹೊರಬಂದಿಲ್ಲ, ಕಳ್ಳಿ, ಎಂಥ ಕಳ್ಳಿ, ಹಾರ್ಲನ್ ಅಂದರೆ ಊರ ಬ್ಯಾಂಡಿನಲ್ಲಿ ಕೊಳಗದಂಥ ದೊಡ್ಡ ಕಹಳೆ ಊದುವ ಆ ಮೀಸೆಯವನಲ್ಲವೇ, ನಗು ಉಕ್ಕಿ ಬರುತ್ತಿದೆ, ಆದರೆ ತಡಿ, ಒಂದೇ ಮನೆಯವರಾಗಿದ್ದರೆ ಇಲ್ಲೇ ಸರಿಮಾಡಬಹುದಿತ್ತು, ಇವರಿಬ್ಬರ ವಿಳಾಸ ಬೇರೆ ಬೇರೆ, ಸಹಿ ಹೊಂದಿಲ್ಲ ಬನ್ನಿ ಎಂದು ಕಚೇರಿಯಿಂದ ಕಾಗದ ಹೋಗಿದೆ, ಉತ್ತರವಿಲ್ಲ, ನಾಲ್ಕೂವರೆಯೊಳಗೆ ಬಂದು ಮತ್ತೆ ಸಹಿ ಹಾಕದಿದ್ದರೆ ಇಬ್ಬರ ಮತವೂ ಲೆಕ್ಕಕ್ಕಿಲ್ಲ, ಐವತ್ತೊಂದು ವರ್ಷ ಒಂದೂ ಚುನಾವಣೆ ತಪ್ಪಿಸದ ಅಮ್ಮ, ಇವಳು ಹುಟ್ಟಿದ ದಿನ ಆಸ್ಪತ್ರೆಯ ದಾರಿಯಲ್ಲಿ ಕಾರು ನಿಲ್ಲಿಸಿ ಮತ ಹಾಕಿ ಬಂದವಳು.

ಡ್ವೇನ್ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿ ಅಮ್ಮನಿಗೆ ಕರೆ ಮಾಡಿದ, ಮೇಡಂ, ನಿಮ್ಮ ಲಕೋಟೆ ಮೇಲೆ ಹಾರ್ಲನ್ ವೂಸ್ಟರ್ ಅನ್ನೋರ ಸಹಿ ಇದೆ, ಇವತ್ತೇ ಬಂದು ಸರಿ ಮಾಡಿ. ಆ ಕಡೆಯಿಂದ ಅಮ್ಮನ ದನಿ, ಕಾಗದ ಬಂತಪ್ಪಾ, ಡ್ರಾಯರಲ್ಲಿಟ್ಟಿದೀನಿ, ನನ್ ಮಗಳು ಅಲ್ಲೇ ಕೆಲಸ ಮಾಡ್ತಾಳೆ, ಅವಳ ಕಣ್ಣಿಗೆ ಹೀಗೆ ಬೀಳೋದಕ್ಕಿಂತ ಈ ಸಲ ಮತ ಹೋದ್ರೆ ಹೋಗ್ಲಿ ಬಿಡಿ. ಕಾರ್ಲಿಸ್‌ಗೆ ಚುರುಕ್ಕೆಂದಿತು, ನನಗೆ ಹೆದರಿದಳೇ, ಅಪ್ಪನನ್ನು ಮಣ್ಣು ಮಾಡಿದ ದಿನ ನಾನೇ ಅಲ್ಲವೇ ಅಪ್ಪನ ಕುರ್ಚೀಲಿ ಇನ್ಯಾರೂ ಕೂರಕೂಡದು ಅಂತ ಅತ್ತು ಕೂಗಿದ್ದು, ಆ ಮಾತನ್ನು ಅಮ್ಮ ಆರು ವರ್ಷ ಹೊತ್ತುಕೊಂಡಳೇ, ಲಕೋಟೆ ಮುಟ್ಟಬಾರದು ಸರಿ, ಬಾಯಿಗೇನು ನಿಯಮ, ಫೋನಿನತ್ತ ಬಗ್ಗಿ ಕೂಗಿದಳು, ಅಮ್ಮಾ, ಆ ಕುರ್ಚಿ ಅವರಿಗೆ ಕೊಡು, ಬೇಗ ಕರ್ಕೊಂಡ್ ಬಾ! ಡ್ವೇನ್ ಬಿದ್ದು ಬಿದ್ದು ನಕ್ಕ.

ನಾಲ್ಕು ಹತ್ತು, ನಾಲ್ಕು ಹದಿನೇಳು, ಬಂದರು, ಅಮ್ಮನ ಮೈಮೇಲೆ ಹೊಸ ಕೆಂಪು ಕೋಟು, ಮುಖವೂ ಅದೇ ಬಣ್ಣ, ಬಾಗಿಲು ತೆರೆದಾಗಲೆಲ್ಲ ಗಾಳಿ ನುಗ್ಗಿ ಕೌಂಟರಿನ ಮೇಲಿನ ಹಾಳೆ ಹಾರುತ್ತಿದೆ, ಅಮ್ಮ ಸಹಿಗೆ ಬಗ್ಗಿದಳು, ಹಾರ್ಲನ್ ಹೆಬ್ಬೆರಳಿನಿಂದ ಹಾಳೆಯ ಮೂಲೆ ಒತ್ತಿ ಹಿಡಿದ, ಉಗುರಿನ ಮೇಲೆ ಹಸಿರು ಬಣ್ಣದ ಕಲೆ, ಆಮೇಲೆ ಅವನ ಸರದಿ, ಈಗ ಮೂಲೆಯ ಮೇಲೆ ಅಮ್ಮನ ಹೆಬ್ಬೆರಳು, ಹಿಡಿ ಎಂದು ಯಾರೂ ಯಾರಿಗೂ ಹೇಳಿರಲಿಲ್ಲ, ಮುಂದಿನದು, ಕಾರ್ಲಿಸ್, ಎನ್ನುತ್ತಿದ್ದಾನೆ ಡ್ವೇನ್, ಹೂಂ, ಮುಂದಿನದು, ಎಡಕ್ಕೊಂದು ಸಹಿ, ಬಲಕ್ಕೊಂದು ಸಹಿ, ಎರಡೂ ಕಾಣುತ್ತಿಲ್ಲ, ಕಣ್ಣು ತುಂಬಾ ನೀರು, ಹಾಳೆಯ ಮೂಲೆ, ಅದರ ಮೇಲೊಂದು ಹೆಬ್ಬೆರಳು, ಆ ಹೆಬ್ಬೆರಳು —