ಎಡಗೈ ಗಂಟು

ಹಳದಿ ಚೀಟಿಯ ಒಂದು ಮೂಲೆ ಅಂಟಿಕೊಂಡಿಲ್ಲ, ಫ್ಯಾನಿನ ಗಾಳಿಗೆ ಪಟಪಟ ಅನ್ನುತ್ತಿದೆ, ಈಗಲೋ ಆಗಲೋ ಹಾರಲು ಹೊರಟ ಚಿಟ್ಟೆಯ ಹಾಗೆ, ಇರು ಮಾರಾಯ್ತಿ ಎಂದು ಬೆರಳಿಂದ ಒತ್ತಿದೆ, ನೀನು ಹಾರಿಹೋದರೆ ಗಲ್ಲಾದ ಹುಡುಗಿ ಪೂರಾ ಬೆಲೆ ಹಾಕಿಬಿಡುತ್ತಾಳೆ — ಬ್ರೆಡ್ಡು ಮೆತ್ತಗೇ ಇದೆ, ನಾಳೆಗೆ ಇದರ ಅವಧಿ ಮುಗಿಯುತ್ತದಂತೆ, ನನ್ನದೂ ನಾಳೆಗೇ ಮುಗಿಯಬಹುದು, ಯಾರು ಕಂಡಿದ್ದಾರೆ, ಅದಕ್ಕೆಂದು ನನ್ನ ಹಣೆಗೆ ಯಾರೂ ಅರ್ಧ ಬೆಲೆಯ ಚೀಟಿ ಅಂಟಿಸಿಲ್ಲವಲ್ಲ, ನಗು ಬಂತು, ಪಕ್ಕದ ಹೆಂಗಸು ತಿರುಗಿ ನೋಡಿದಳು, ನೋಡಲಿ. ಇಲ್ಲಿ ಕಪಾಟಿನ ಸೊಗಸಿಲ್ಲ, ರಟ್ಟಿನ ಪೆಟ್ಟಿಗೆಗಳ ಹೊಟ್ಟೆ ಹರಿದು ಹಾಗೇ ಸಾಲಾಗಿ ಇಟ್ಟಿದ್ದಾರೆ, ಚೀಲ ಬೇಕಾದರೆ ನಾವೇ ತರಬೇಕು, ಬನ್ನಿ ಕೂತ್ಕೊಳ್ಳಿ ಎನ್ನುವವರಿಲ್ಲ, ಅದಕ್ಕೇ ಎಲ್ಲ ಅಗ್ಗ. ದುಬಾರಿ ಚಹಾಪುಡಿ ಕಣ್ಣಿನ ಮಟ್ಟಕ್ಕೆ, ಈ ಅಂಗಡಿಯದೇ ಹೆಸರಿನ ಅಗ್ಗದ್ದು ಪಾದದ ಹತ್ತಿರ, ಬಗ್ಗಿದವರಿಗಷ್ಟೇ ಸಿಗುತ್ತದೆ, ದೇವರೇ ನಿನ್ನ ಸನ್ನಿಧಿಯಲ್ಲೂ ಹಾಗೇ ಅಲ್ಲವೇ ಎಂದುಕೊಂಡು ಸೊಂಟ ಹಿಡಿದು ಬಗ್ಗಿದೆ, ಎದ್ದೆ, ಬೇಳೆ ತೆಗೆದುಕೊಂಡೆ, ಸಕ್ಕರೆ. ಆ ಗಾಜಿನ ಬಾಗಿಲಲ್ಲಿ ನಾನು ಕಾಲಿಡಲ್ಲ, ನೀನೂ ಇಡಬೇಡ ಕಣೇ — ನಮ್ಮ ದಿನಸಿ ಅಂಗಡಿಯ ಬೀಗ ಕೊನೆಯ ಸಲ ಹಾಕಿ ಬಂದ ದಿನ ನಮ್ಮ ಯಜಮಾನರು, ಇವರು, ಅಂದಿದ್ದರು, ಕೂಗಿ ಅಂದದ್ದಲ್ಲ, ಚಪ್ಪಲಿ ಬಿಡುತ್ತಾ ಅಂದದ್ದು. ಹ್ಞೂಂ ಅಂದಿದ್ದೆ. ಆ ಹ್ಞೂಂ ಇನ್ನೂ ಗಂಟಲಲ್ಲೇ ಇದೆ, ನಾನು ಮಾತ್ರ ವಾರವಾರವೂ ಇಲ್ಲಿದ್ದೇನೆ.

ಏನು ಮಾಡಲಿ, ಅನ್ನ ಕೊಡುವವನು ದೇವರು, ಯಾವ ಬಾಗಿಲಿಂದ ಕೊಡಬೇಕೆಂದು ನಾವು ಹೇಳಲಾದೀತೇ, ಅಂಗಡಿ ಹೋದ ಮೇಲೆ ಕೈ ಹಿಡಿತ ಕಲಿಯಲೇಬೇಕಾಯಿತು, ಇವರಿಗೆ ಮಾತ್ರ ಸಾಮಾನೆಲ್ಲ ಅಣ್ಣನ ಅಂಗಡಿಯದು ಎಂದೇ ಗೊತ್ತು. ಇವರ ಅಣ್ಣ, ನನ್ನ ಭಾವ, ಪಕ್ಕದ ಬೀದಿಯ ದಿನಸಿ ಅಂಗಡಿ ಇನ್ನೂ ನಡೆಸುತ್ತಿದ್ದಾರೆ, ಅಲ್ಲಿಯ ಬೆಲೆ ನಮಗೆ ಎಟುಕುವುದಿಲ್ಲ, ಸಾಲ ಕೇಳಲು ಮನಸ್ಸಿಲ್ಲ, ಆ ಮೆಟ್ಟಿಲು ಹತ್ತಿ ಎಷ್ಟೋ ಕಾಲವಾಯಿತು. ಅದಕ್ಕೇ ಇಲ್ಲಿಂದ ಹೊರಟವಳು ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತು, ಇಲ್ಲಿಯ ಪ್ಲಾಸ್ಟಿಕ್ ಪೊಟ್ಟಣಗಳನ್ನೆಲ್ಲ ಒಡೆದು, ಹಳೆ ಪೇಪರಿನಲ್ಲಿ ಬೇಳೆ ಸುರಿದು, ಮಡಿಸಿ, ದಾರ ಸುತ್ತಿ ಗಂಟು ಹಾಕುತ್ತೇನೆ, ಬರುವ ಬಸ್ಸಿನವರೆಲ್ಲ ನೋಡುತ್ತಾರೆ, ಈ ಅಮ್ಮ ಸ್ಟಾಪಿನಲ್ಲೇ ಅಂಗಡಿ ಇಟ್ಟಳಪ್ಪ ಎಂದು ಒಬ್ಬ ಕಂಡಕ್ಟರು ಅಂದೂ ಅಂದ. ಗಂಟು ಹಾಕುವುದು ಕಲಿಸಿದವರು ಇವರೇ, ಮದುವೆಯಾದ ಹೊಸತು, ಗಲ್ಲಾದ ಹಿಂದೆ ನಿಲ್ಲಿಸಿಕೊಂಡು, ಇವರು ಎಡಚರು, ದಾರ ಎಡದಿಂದ ಬಂದು ಅಡಿಗೆ ಹೋಗಿ ಕುಣಿಕೆಯ ಬಾಲ ಎಡಕ್ಕೇ ಉಳಿಯಬೇಕು, ಬಲಗೈಯವಳಾದ ನನಗೆ ಬೆರಳು ತೊಡರಿ ತೊಡರಿ, ನಗಬೇಡ ಕಣೇ, ಮತ್ತೆ ಹಾಕು — ಕೊನೆಗೆ ನನ್ನ ಬೆರಳೂ ಎಡಚಾದವು. ತೂಗಿದ ಮೇಲೆ ಒಂದು ಹಿಡಿ ಕೊಸರು ಹಾಕದೆ ಇವರು ಗಂಟು ಬಿಗಿದವರಲ್ಲ, ಹಾಗೇ ಕೊಟ್ಟು ಕೊಟ್ಟೇ ಮುಳುಗಿದ ಎಂದು ಭಾವ ಈಗಲೂ ಅನ್ನುತ್ತಾರೆ. ಈಗ ಮನೆಯಲ್ಲಿ ಕುರ್ಚಿಯ ಮೇಲೆ ಕೂತು, ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು, ಕತ್ತರಿ ಮುಟ್ಟದೆ ಬಿಚ್ಚುತ್ತಾರೆ, ಮೊದಲು ಹೆಬ್ಬೆರಳನ್ನು ಗಂಟಿನ ಮೇಲಿಟ್ಟು ಒಂದು ಗಳಿಗೆ ಸುಮ್ಮನಿರುತ್ತಾರೆ, ಆಮೇಲೆ ಬಿಚ್ಚಿ, ದಾರವನ್ನು ಉಂಡೆಗೆ ಸುತ್ತಿ ನನ್ನ ಕೈಗೇ ಕೊಡುತ್ತಾರೆ. ಇಟ್ಕೋ, ಬೇಕಾಗತ್ತೆ. ಹೋದ ವಾರ ಬೇಳೆಯ ಪೊಟ್ಟಣವನ್ನು ಅಂಗೈಯಲ್ಲಿ ತೂಗಿ ನೋಡಿ, ಅಣ್ಣ ಕೊಸರು ಹಾಕೋಕೆ ಕಲ್ತನಲ್ಲೇ, ದೇವರು ದೊಡ್ಡವನು ಅಂದರು — ನಾನು ಒಳಗೆ ಹೋಗಿ ಪಾತ್ರೆ ಸದ್ದು ಮಾಡಿದೆ. ದಿನಾ ಬೆಳಿಗ್ಗೆ ಕೋಲೂರಿಕೊಂಡು ಅಣ್ಣನ ಅಂಗಡಿಗೆ ಹೋಗಿ ಕೂತು ಬರುತ್ತಾರೆ, ಅಲ್ಲಿ ಮಾತು ನನ್ನ ಕಡೆ ಹೊರಳದಿರಲಿ ಸ್ವಾಮಿ ಎಂದು ಇವರು ಹಿಂದಿರುಗುವವರೆಗೂ ಒಲೆಯ ಮುಂದೆ ಬೇಡಿಕೊಳ್ಳುತ್ತೇನೆ, ಇವರು ನೆಟ್ಟಗೆ ನಿಂತಿರುವುದು ಈ ಒಂದು ಹಟದ ಮೇಲೆ, ಅದೂ ನನ್ನ ಕೈಯಿಂದಲೇ ಮುರಿಯಿತೆಂದು ಗೊತ್ತಾದರೆ ಆ ಕುರ್ಚಿಯಿಂದ ಏಳುವವರಲ್ಲ.

ಸಾಲು ನಿಧಾನ, ಗಲ್ಲಾದ ಯಂತ್ರ ಟುಯ್ ಟುಯ್ ಅನ್ನುತ್ತಿದೆ, ಮುಂದಿರುವವರ ಗಾಡಿಯ ತುಂಬ ಎಣ್ಣೆ ಬಾಟಲಿ, ಎಣ್ಣೆ ಬಿಟ್ಟರೆ ಸೋಪು, ಮದುವೆ ಮನೆಯೋ ಏನೋ, ಆ ಕುತ್ತಿಗೆ ಎಲ್ಲೋ ನೋಡಿದ್ದೇನೆ, ಆ ಮಾಸಿದ ಕಾಲರು — ಭಾವ. ನೆಲ ಬಾಯಿ ಬಿಡಬಾರದೇ ಅನ್ನಿಸಿತು, ಅವರು ತಿರುಗಿದರು, ಅವರ ಮುಖ ನನ್ನದಕ್ಕಿಂತ ಮೊದಲು ಬಿಳಿಚಿತು. ಏನಮ್ಮಾ ನೀನು ಇಲ್ಲಿ. ನೀವು ಭಾವ? ಮೆತ್ತಗೆ ಮಾತಾಡಮ್ಮ, ಸಗಟಿನವನಿಗಿಂತ ಇಲ್ಲೇ ಅಗ್ಗ, ಇಲ್ಲಿ ತಗೊಂಡು ಅಲ್ಲಿ ಮಾರ್ತೀನಿ, ಗಿರಾಕಿಗೆ ಗೊತ್ತಾದ್ರೆ ನನ್ನ ಮರ್ಯಾದೆ ಮೂರು ಕಾಸಿಗೆ ಹೋಗತ್ತೆ. ಮೂರು ಕಾಸಿಗೆ ಅಂದರೆ ಹಳದಿ ಚೀಟಿ ಅಂಟಿಸ್ತಾರೆ ಭಾವ ಅಂದುಬಿಟ್ಟೆ, ನನಗೇ ಗೊತ್ತಿಲ್ಲದ ಹಾಗೆ, ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆವು, ಕಳ್ಳರಿಬ್ಬರು ಒಂದೇ ಮರದ ಮೇಲೆ ಸಿಕ್ಕಿದ ಹಾಗೆ. ಅಲ್ಲಮ್ಮ, ಚೀಲದಲ್ಲಿ ಇದೇನು ದಾರದ ಉಂಡೆ? ಹೇಳಿದೆ, ಮುಚ್ಚಿಟ್ಟು ಇನ್ನೇನು ಆಗಬೇಕು, ಪೇಪರು, ಪೊಟ್ಟಣ, ಬೆಂಚು, ಎಲ್ಲ ನಿಮ್ಮ ಅಂಗಡಿಯದು ಎಂದು ಇವರು ನಂಬಿದ್ದಾರೆ ಭಾವ, ನಿಮ್ಮ ಕಾಲಿಗೆ ಬೀಳುತ್ತೇನೆ, ಬಾಯಿ ಬಿಡಬೇಡಿ. ಭಾವ ನನ್ನನ್ನೇ ನೋಡಿದರು. ನನ್ನ ಅಂಗಡೀಲಿ ಪೇಪರ್ ಪೊಟ್ಟಣ ಎಲ್ಲಿದೆಯಮ್ಮ, ಎಲ್ಲ ಪ್ಲಾಸ್ಟಿಕ್ ಕವರು, ದಾರ ಬಿಟ್ಟು ಯಾವ ಕಾಲವಾಯ್ತು. ದಿನಾ ಬೆಳಿಗ್ಗೆ ಆ ಕವರಿನ ಬಾಯಿ ಬಿಡಿಸಿ ಬಿಡಿಸಿ ನನ್ನ ಕೈಗೆ ಕೊಡೋನೇ ನಿನ್ನ ಗಂಡ. ಟುಯ್. ಮುಂದೆ ಬನ್ನಿ ಅಂದಳು ಗಲ್ಲಾದ ಹುಡುಗಿ.

ಬೆಂಚು ತಣ್ಣಗಿದೆ. ಪೇಪರು ಹರಡಿದ್ದೇನೆ, ಬೇಳೆ ಸುರಿದಿದ್ದೇನೆ, ಹಾಗಾದರೆ ಮೊದಲ ವಾರವೇ, ಮೊದಲ ಪೊಟ್ಟಣವೇ, ಈ ಊರಿನಲ್ಲಿ ದಾರದ ಬಾಲವನ್ನು ಎಡಕ್ಕೆ ಬಿಡುವವರು ಇಬ್ಬರೇ, ಒಬ್ಬರು ಕುರ್ಚಿಯ ಮೇಲಿದ್ದರು, ಉಳಿದವಳು ಯಾರು — ಅಯ್ಯೋ ದಡ್ಡೀ, ಗಂಟು ಹಾಕಿ ಹಾಕಿ ನಿನ್ನ ಹೆಸರನ್ನೇ ಬರೆದು ಕಳಿಸಿದೆಯಲ್ಲೇ, ಅದಕ್ಕೇ ಅಣ್ಣನ ಕೊಸರು ಎಂದು ಚೇಷ್ಟೆ, ಅದಕ್ಕೇ ಇಟ್ಕೋ, ಬೇಕಾಗತ್ತೆ, ದಾರ ಹಿಂದಕ್ಕೆ ಕೊಡುವಾಗ ಮುಖ ನೋಡುತ್ತಿರಲಿಲ್ಲ, ನಾನೂ ನೋಡುತ್ತಿರಲಿಲ್ಲ. ನಾನು ಅವರ ಹಟ ಕಾಯುತ್ತಿದ್ದೇನೆ ಅಂದುಕೊಂಡೆ, ಅವರು ನನ್ನ ಸುಳ್ಳನ್ನು ಕಾಯುತ್ತಿದ್ದರು, ದೇವರೇ, ನೀನು ಇದನ್ನೆಲ್ಲ ನೋಡುತ್ತಾ ಸುಮ್ಮನಿದ್ದೆಯಲ್ಲ, ಒಳ್ಳೆಯದೇ ಆಯಿತು. ಇವತ್ತು ಕಟ್ಟಲೇ, ಬೇಡವೇ, ಪ್ಲಾಸ್ಟಿಕ್ಕಿನಲ್ಲೇ ಒಯ್ದು ಎದುರಿಗೆ ಇಟ್ಟುಬಿಡಲೇ, ಇಟ್ಟರೆ ಅವರು ಬಿಚ್ಚಲು ಏನಿರುತ್ತದೆ — ಬಸ್ಸು ಬಂತು, ಹೋಯಿತು, ಬೆರಳುಗಳು ನನ್ನನ್ನು ಕೇಳದೆ ಇನ್ನೊಂದು ಪೊಟ್ಟಣದಿಂದ ಒಂದು ಹಿಡಿ ಕೊಸರು ಹಾಕಿ ಮಡಿಸಿಯೂ ಆಯಿತು, ದಾರ ಎಡದಿಂದ ಬರುತ್ತಿದೆ, ಅಡಿಗೆ ಹೋಗುತ್ತಿದೆ, ಬಾಲ ಎಡಕ್ಕೆ, ಇನ್ನು ಸ್ವಲ್ಪ ಹೊತ್ತು, ಮನೆ, ಕುರ್ಚಿ, ತೊಡೆಯ ಮೇಲೆ ಪೊಟ್ಟಣ, ಕತ್ತರಿ ಮುಟ್ಟದ ಆ ಕೈ, ಮತ್ತೆ ಆ ಹೆಬ್ಬೆರಳು, ಗಂಟಿನ ಮೇಲೆ, ಬಿಚ್ಚುವ ಮೊದಲು, ಸುಮ್ಮನೆ, ಗಂಟಿನ ಮೇಲೆ ಆ ಹೆಬ್ಬೆರಳು